ಮೊದಲು ವಿಂಗಡಣೆ

ನಮ್ಮ ಮನೆಯಲ್ಲಿ ಕೌದಿ ಹೊಲಿಯುವ ಕೆಲಸ ಶುರುವಾಗಿ ಆರು ವರ್ಷ ತುಂಬಿತು. ಈ ಆರು ವರ್ಷಗಳಲ್ಲಿ ಇನ್ನೂರ ಹದಿನೆಂಟು ಡಬ್ಬ ತುಂಬಿದೆವು, ನಾಲ್ಕು ರಿಜಿಸ್ಟರ್ ಬರೆದು ಮುಗಿಸಿದೆವು, ಇಡೀ ಒಂದು ಕೋಣೆಯನ್ನು ಕಳೆದುಕೊಂಡೆವು. ಕೌದಿಯೊಂದು ಮಾತ್ರ ಆಗಲಿಲ್ಲ. ಯಾರಾದರೂ ಕೇಳಿದರೆ ಅಕ್ಕನ ಬಳಿ ಉತ್ತರ ಸಿದ್ಧವಾಗಿರುತ್ತಿತ್ತು.

"ವಿಂಗಡಣೆ ನಡೀತಾ ಇದೆ."

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಅಂಚೆ ಕಚೇರಿಯ ವಿಂಗಡಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು. ಗೋಡೆಯುದ್ದದ ಮರದ ಗೂಡುಗಳ ಮುಂದೆ ನಿಂತು, ಎಡಗೈಯಲ್ಲಿ ಕಾಗದದ ಕಟ್ಟು ಹಿಡಿದು, ಬಲಗೈಯಿಂದ ಒಂದೊಂದನ್ನೂ ಅದರದರ ಗೂಡಿಗೆ ಎಸೆಯುತ್ತಿದ್ದಳಂತೆ. ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಕಾಗದ ತಪ್ಪು ಗೂಡಿಗೆ ಬಿದ್ದಿಲ್ಲ ಎಂದು ಬೀಳ್ಕೊಡುಗೆಯ ದಿನ ಮೇಲಧಿಕಾರಿ ಭಾಷಣ ಮಾಡಿದ್ದರು. ಆ ಭಾಷಣವನ್ನು ಅಕ್ಕ ನಮಗೆ ವಾರಕ್ಕೊಮ್ಮೆಯಾದರೂ ಒಪ್ಪಿಸುತ್ತಿದ್ದಳು. ಮಾತಿನ ಕೊನೆಯ ಪದವನ್ನು ಠಸ್ಸೆ ಒತ್ತಿದ ಹಾಗೆ ಒತ್ತುತ್ತಾಳೆಂದು ಬೀದಿಯವರು ಅವಳಿಗೆ ಠಸ್ಸೆಯಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ನಿವೃತ್ತಿಯ ಮರುದಿನದಿಂದ ಆ ಬಲಗೈಗೆ ಕೆಲಸವಿಲ್ಲದಾಯಿತು. ಮೊದಲ ವಾರ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿದಳು. ಎರಡನೆಯ ವಾರ ಭಾವನ ಕಾಲುಚೀಲಗಳಿಗೆ ನಂಬರ್ ಹಾಕಿದಳು. ಭಾವ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಬಡಪಾಯಿ. ಎಡಗಾಲಿಗೆ ಏಳು, ಬಲಗಾಲಿಗೆ ಎಂಟು ಹಾಕಿಕೊಂಡು ಸುಮ್ಮನೆ ಹೊರಟುಹೋಗುತ್ತಿದ್ದರು. ಮೂರನೆಯ ವಾರ ನನ್ನ ಬುಡಕ್ಕೇ ಬಂತು.

ನಾನು ದರ್ಜಿ. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ನನ್ನ ಮೆಷಿನ್ ಇದೆ. ಶಾಲೆಯ ಯೂನಿಫಾರ್ಮ್, ಫ್ರಾಕು, ಅಂಗಿ, ಪರದೆ, ದಿಂಬಿನ ಚೀಲ, ಏನು ಬಂದರೂ ಇಲ್ಲ ಎನ್ನುವವಳಲ್ಲ. ಕತ್ತರಿಸಿ ಉಳಿದ ಬಟ್ಟೆಚೂರುಗಳನ್ನು ಮೆಷಿನ್ನಿನ ಕೆಳಗಿದ್ದ ಗೋಣಿಚೀಲಕ್ಕೆ ಕಾಲಿನಿಂದಲೇ ತಳ್ಳುತ್ತಿದ್ದೆ. ವಿಂಗಡಣೆಯೆಂದರೆ ನನಗೆ ಅಷ್ಟೇ ಗೊತ್ತಿದ್ದದ್ದು. ಆ ಚೀಲವನ್ನು ಖಾಲಿ ಮಾಡುತ್ತಿದ್ದವರು ನಮ್ಮ ಅತ್ತೆ. ಕೌದಿ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಕುಟುಂಬದಲ್ಲಿ ಹುಟ್ಟಿದ ಒಂದೊಂದು ಮಗುವಿಗೂ ಅವರದೊಂದು ಕೌದಿ ಹೋಗಿದೆ, ಬೇರೆ ಮನೆ ಮಾಡಿದವರಿಗೆ ಹೋಗಿದೆ, ಕೊಟ್ಟ ಕೌದಿ ಹರಿಯಿತೆಂದು ನಾಚಿಕೆ ಬಿಟ್ಟು ಇನ್ನೊಂದು ಕೇಳಿದವರಿಗೂ ಹೋಗಿದೆ. ಎಲ್ಲರಿಗೂ ಹೊಲಿದು ಮುಗಿಸುವಷ್ಟರಲ್ಲಿ ಅವರ ಕಣ್ಣು ಮಂಜಾಯಿತು. ಬೆಳಕು ಯಾವುದು, ಬಾಗಿಲು ಯಾವುದು ಎಂಬಷ್ಟು ತಿಳಿಯುತ್ತಿತ್ತೇ ಹೊರತು ಸೂಜಿಯ ಕಣ್ಣು ಎಲ್ಲಿಂದ ಕಾಣಬೇಕು?

ಆ ವರ್ಷದ ಚಳಿ ಶುರುವಾದಾಗ ಅತ್ತೆ ನಮ್ಮಿಬ್ಬರನ್ನೂ ಹತ್ತಿರ ಕೂರಿಸಿಕೊಂಡು ಹೇಳಿದರು. "ನನಗೆ ಅಂತ ಒಂದು ಕೌದಿ ಉಳೀಲೇ ಇಲ್ಲ ನೋಡ್ರೇ. ಈ ಅಂಗಡಿ ರಗ್ಗು ಮೈಮೇಲೆ ನಿಲ್ಲೋದೇ ಇಲ್ಲ, ಜಾರಿ ಜಾರಿ ಕೆಳಗೆ ಬೀಳುತ್ತೆ. ಮನೇ ಚೂರಿಂದಾನೇ ಒಂದು ಹೊಲಿದುಕೊಡಿ. ಕಣ್ಣು ಮುಚ್ಚೋದರೊಳಗೆ ಹೊದ್ಕೊಂಡು ಮಲಗ್ಬೇಕು."

ಅತ್ತೆ ಏನನ್ನೂ ಕೇಳುವವರಲ್ಲ. ಕೇಳಿದ್ದು ಅದೊಂದೇ. ನಾನು ಅಲ್ಲೇ ಎದ್ದು ಗೋಣಿಚೀಲ ತಂದು ನೆಲದ ಮೇಲೆ ಸುರಿದೆ.

"ಏನು ಮಾಡ್ತಿದೀಯ?" ಅಂದಳು ಅಕ್ಕ.

"ಹೊಲೀತೀನಿ. ಎರಡು ತಿಂಗಳ ಕೆಲಸ."

ಅಕ್ಕ ಆ ರಾಶಿಯನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಹಸಿದವರ ಮುಂದೆ ಎಲೆ ಹಾಕಿದ ಹಾಗಾಗಿತ್ತು. "ಹೀಗೇ ಹೊಲಿಯೋದಾ? ಯಾವುದು ಎಲ್ಲಿದೆ, ಎಷ್ಟಿದೆ ಗೊತ್ತಿಲ್ದೆ? ಮೊದಲು ವಿಂಗಡಣೆ. ಆಮೇಲೆ ಹೊಲಿಗೆ" ಅಂದಳು. ಮೊದಲು ಎಂಬುದು ಆರು ವರ್ಷ ಹಿಡಿಯಬಹುದು ಎಂದು ನನಗೆ ಆಗ ಹೊಳೆಯಲಿಲ್ಲ.

ಶುರುವಾದದ್ದು ಬಣ್ಣದಿಂದ. ಭಾವ ಅಂಗಡಿಯಿಂದ ಔಷಧಿಯ ಖಾಲಿ ರಟ್ಟಿನ ಡಬ್ಬ ತರತೊಡಗಿದರು. ಕೆಮ್ಮಿನ ಸಿರಪ್ಪಿನ ಡಬ್ಬದಲ್ಲಿ ಕೆಂಪು, ಹೊಟ್ಟೆನೋವಿನ ಡಬ್ಬದಲ್ಲಿ ನೀಲಿ, ಮಲಬದ್ಧತೆಯ ಡಬ್ಬದಲ್ಲಿ ಹಳದಿ. ಅಲ್ಲಿಗೆ ಮುಗಿಯುತ್ತಿತ್ತೋ ಏನೋ, ಯಾರೋ ಒಬ್ಬಳು ಕೆಂಪು ನೆಲದ ಮೇಲೆ ಬಿಳಿ ಚುಕ್ಕೆಯ ಫ್ರಾಕು ಹೊಲಿಸಿದಳು. ಆ ಚೂರು ಕೆಂಪಿಗೋ ಬಿಳಿಗೋ? ಅಕ್ಕ ಅದನ್ನು ಕಿಟಕಿಯ ಬಳಿ ಹಿಡಿದು ಹತ್ತು ನಿಮಿಷ ನೋಡಿದಳು.

"ಚುಕ್ಕೆ ಎಣಿಸು" ಅಂದಳು.

"ಯಾಕೆ?"

"ಚುಕ್ಕೆ ಜಾಸ್ತಿ ಜಾಗ ತಿಂದಿದ್ರೆ ಬಿಳಿ. ಇಲ್ದಿದ್ರೆ ಕೆಂಪು."

ಗಿರಾಕಿಗಳು ಬಾಗಿಲಲ್ಲಿ ಕಾಯುತ್ತಿದ್ದರೆ ನಾನು ಅಂಗೈಯಗಲದ ಬಟ್ಟೆಯಲ್ಲಿ ಚುಕ್ಕೆ ಎಣಿಸುತ್ತಾ ಕೂತಿದ್ದೆ. ನಲವತ್ತಾರು ಚುಕ್ಕೆ ಇದ್ದವು. ಅದು ಕೆಂಪಿಗೆ ಹೋಯಿತು.

ಬಣ್ಣದ ನಂತರ ಅಳತೆ ಬಂತು. ಅಂಗೈ, ನಾಲ್ಕು ಬೆರಳು, ಮೂರು ಬೆರಳು. ಮೂರು ಬೆರಳಿಗಿಂತ ಚಿಕ್ಕದಕ್ಕೆ ಪ್ರವೇಶವಿಲ್ಲ. ಅಳತೆಯಾದ ಮೇಲೆ ನೂಲಿನ ಜಾತಿ, ಅದಾದ ಮೇಲೆ ಒಗೆದದ್ದೋ ಒಗೆಯದ್ದೋ ಎಂಬುದು. ಎಲ್ಲಿಗೂ ಹೊಂದದ ಚೂರುಗಳಿಗೆ ಅಕ್ಕ ಹಳೆಯ ಅಭ್ಯಾಸದಂತೆ 'ವಿಳಾಸ ಸಿಗದವು' ಎಂದು ಬರೆದು ಬೇರೆ ಡಬ್ಬ ಮಾಡಿದಳು. ಎರಡು ವರ್ಷದಲ್ಲಿ ವಿಳಾಸ ಸಿಗದವುಗಳೇ ಹತ್ತೊಂಬತ್ತು ಡಬ್ಬ ಆದವು. ಆಮೇಲೆ ಆ ಹತ್ತೊಂಬತ್ತನ್ನೂ ಮತ್ತೆ ವಿಂಗಡಿಸಬೇಕಾಯಿತು. ನಮ್ಮವರು ಬಸ್ ಡ್ರೈವರ್. ಊಟಕ್ಕೆ ಕೂತಾಗ ಒಮ್ಮೆ "ಸ್ಟಾಪೇ ಇಲ್ಲದ ರೂಟು ಹಿಡಿದಿದೀರಲ್ಲ" ಅಂದರು. ಅಕ್ಕ ಅದಕ್ಕೆ ಸೊಪ್ಪು ಹಾಕಲಿಲ್ಲ.

ಹಿಂದಿನ ಕೋಣೆಯಿಂದ ಮಂಚ ಹೊರಗೆ ಬಂತು, ಡಬ್ಬಗಳು ಒಳಗೆ ಹೋದವು. ಅದು ಚೂರಿನ ಕೋಣೆಯಾಯಿತು, ಬಾಗಿಲಿಗೆ ಚಿಲಕ ಬಿತ್ತು. ಅತ್ತೆಗಂತೂ ಅಲ್ಲಿ ಕಾಲಿಡುವಂತಿರಲಿಲ್ಲ. ಕಣ್ಣು ಕಾಣದವರು, ಕೈಯಾಡಿಸಿ ಕಲಸಿಬಿಟ್ಟರೆ ಗತಿಯೇನು? ಒಂದು ಚೂರು ಹೊರಗೆ ಹೋಗಬೇಕಾದರೂ ಚೀಟಿ ಬರೆಯಬೇಕು ಎಂಬ ನಿಯಮ ಬಂತು. ಏನು, ಎಷ್ಟನೇ ನಂಬರು, ಯಾರು ಒಯ್ಯುವವರು, ಯಾಕೆ, ವಾಪಸು ಯಾವಾಗ.

ಆ ಚೀಟಿಯ ರುಚಿ ಮೊದಲು ನೋಡಿದವಳು ನಾನೇ. ಗಿರಾಕಿಯೊಬ್ಬನ ಅಂಗಿಯ ಮೊಣಕೈ ಹರಿದಿತ್ತು. ಅದೇ ಬಟ್ಟೆಯ ಚೂರು ನಾನೇ ಕತ್ತರಿಸಿ ನಾನೇ ಒಳಗೆ ಕಳಿಸಿದ್ದು ನನಗೆ ನೆನಪಿತ್ತು. ಚೀಟಿ ಬರೆದುಕೊಟ್ಟೆ. ಅದು ನನಗೇ ವಾಪಸು ಬಂತು.

"ವಾಪಸು ತಾರೀಖು ಖಾಲಿ ಬಿಟ್ಟಿದೀಯ."

"ಮೊಣಕೈಗೆ ಹಚ್ಚಿದ ತೇಪೆ ಹೇಗೆ ವಾಪಸು ಬರುತ್ತೆ ಅಕ್ಕಾ?"

"ಖಾಲಿ ಬಿಡೋ ಹಾಗಿಲ್ಲ. ವಾಪಸು ಬರೋ ಪ್ರಶ್ನೆಯೇ ಇಲ್ಲ ಅಂದ್ರೆ ಅಲ್ಲಿ ಗೆರೆ ಎಳೀಬೇಕು. ಗೆರೆ ನೀನು ಎಳೆಯೋ ಹಾಗಿಲ್ಲ, ನಾನು ಎಳೀಬೇಕು, ಸಹಿ ಮಾಡಿ. ಮೂವತ್ತೊಂದು ವರ್ಷದಲ್ಲಿ ನಾನು ಗೆರೆ ಎಳೆದದ್ದೇ ಇಲ್ಲ."

ನಾಲ್ಕನೆಯ ದಿನ ಆ ಮನುಷ್ಯ ಬಂದು ಹರಿದ ಅಂಗಿಯನ್ನು ಹಾಗೆಯೇ ತೆಗೆದುಕೊಂಡು ಹೋದ. ಮತ್ತೆ ನಮ್ಮ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಇಷ್ಟೆಲ್ಲ ಆದರೂ ಬೇಕಾದ ಚೂರು ಸಿಗುತ್ತಿತ್ತೇ? ಅದೂ ಇಲ್ಲ. ಡಬ್ಬ ಹೆಚ್ಚಿದ ಹಾಗೆ ಯಾವುದು ಎಲ್ಲಿದೆ ಎಂಬುದು ಅಕ್ಕನಿಗೇ ಗೊತ್ತಾಗದಾಯಿತು. ಆಗ ಬಂತು ಇಂಡೆಕ್ಸು. ಪ್ರತಿ ಬಗೆಯ ಬಟ್ಟೆಯಿಂದಲೂ ಮೂರು ಬೆರಳು ಚೌಕದ ಒಂದು ನಮೂನೆ ಕತ್ತರಿಸಿ ಸಾಲಾಗಿ ಜೋಡಿಸಬೇಕು, ಸಾಲಿಗೆ ಇಪ್ಪತ್ತಾರು ಮನೆ. ಸಾಲು ಮತ್ತು ಮನೆ ನೋಡಿದರೆ ಡಬ್ಬದ ನಂಬರು ಗೊತ್ತಾಗಬೇಕು. ಚೂರೇ ಮೂರು ಬೆರಳಿದ್ದರೆ ನಮೂನೆ ಕತ್ತರಿಸಿದ ಮೇಲೆ ಡಬ್ಬಕ್ಕೇನು ಉಳಿಯುತ್ತದೆ ಎಂದು ಕೇಳಿದೆ. ಏನೂ ಉಳಿಯುವುದಿಲ್ಲವಂತೆ. ಆ ಡಬ್ಬದಲ್ಲಿ 'ಮಾಲು ಇಂಡೆಕ್ಸಿನಲ್ಲಿದೆ' ಎಂಬ ಚೀಟಿ ಇರುತ್ತದೆಯಂತೆ. ಹೀಗೆ ಚೀಟಿಯೊಂದನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಡಬ್ಬಗಳು ನಮ್ಮಲ್ಲಿ ಮೂವತ್ತಕ್ಕೂ ಹೆಚ್ಚಿದ್ದವು.

ಅಕ್ಕನಿಗೆ ಸೂಜಿ ಹಿಡಿಯಲು ಬಾರದು. ಇಂಡೆಕ್ಸು ಹೊಲಿಯುವ ಕೆಲಸ ನನ್ನ ತಲೆಗೆ ಬಿತ್ತು. ಮೊದಲು ನಮೂನೆಗಳನ್ನು ರಟ್ಟಿಗೆ ಗುಂಡುಸೂಜಿಯಿಂದ ಚುಚ್ಚಿದ್ದೆವು, ಸೂಜಿ ತುಕ್ಕು ಹಿಡಿಯಿತು. ಒಂದು ಹಳೆಯ ಹಾಸಿಗೆ ಬಟ್ಟೆಯ ಮೇಲೆ ಹೊಲಿದು ಗೋಡೆಗೆ ತೂಗುಹಾಕು ಅಂದಳು, ಹಾಕಿದೆ. ಹಿಂಬದಿಯ ದಾರಗಳು ಡಬ್ಬಗಳ ಮೂಲೆಗೆ ಸಿಕ್ಕಿಕೊಳ್ಳುತ್ತವೆ, ಹಿಂದೊಂದು ಅಸ್ತರು ಕೊಡು ಅಂದಳು, ಕೊಟ್ಟೆ. ಗೋಡೆಯ ತೇವ ಅಸ್ತರು ದಾಟಿ ನಮೂನೆಗೆ ಬಂತು. ನಡುವೆ ಒಂದು ತೆಳು ಕಂಬಳಿ ಸೇರಿಸು ಅಂದಳು, ಒಂದು ಕಡೆಯ ಹೊಲಿಗೆ ಬಿಚ್ಚಿ ಅದನ್ನೂ ಸೇರಿಸಿದೆ. ಮೂರು ಪದರವೂ ಸೇರಿ ಜೋತುಬಿದ್ದು ಹನ್ನೆರಡನೆಯ ಸಾಲು ಹದಿಮೂರರ ಮೇಲೆ ಬಂದು ಕೂತಿತು. ಸಾಲು ಸಾಲಿಗೂ ಅಡ್ಡಕ್ಕೆ ಕೈಹೊಲಿಗೆ ಹಾಕಿಬಿಡು, ಪದರ ಜಾರಬಾರದು ಅಂದಳು. ನಂಬರು ಬರೆಯಲು ಸುತ್ತಲೂ ಒಂದು ಅಂಚೂ ಬೇಕಾಯಿತು. ಐದು ವರ್ಷ, ಮೂವತ್ತಮೂರು ಸಾಲು, ಮೂವತ್ತನಾಲ್ಕನೆಯದರಲ್ಲಿ ಒಂಬತ್ತು ಮನೆ. ಗೋಡೆಯ ಮೇಲೆ ಕೋಲಿಗೆ ಜೋತುಬಿದ್ದ ಆ ಇಂಡೆಕ್ಸನ್ನು ನೋಡಿದಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಅದಕ್ಕೆ ಸುರಿದ ಹೊತ್ತಿನಲ್ಲಿ ಅತ್ತೆಗೆ ಒಂದಲ್ಲ, ಮೂರು ಕೌದಿ ಹೊಲಿಯಬಹುದಿತ್ತು ಎಂದು ಗೊಣಗಿಕೊಂಡು ಹೊಲಿದೆ. ಬೀದಿಯಲ್ಲಿ ಸಿಕ್ಕವರ ಮುಂದೆಲ್ಲ ಅಕ್ಕನ ಹುಚ್ಚನ್ನು ಬಣ್ಣ ಕಟ್ಟಿ ಹೇಳಿ ನಗಿಸಿದೆ.

ಅತ್ತೆ ಪ್ರತಿ ಚಳಿಗಾಲದಲ್ಲೂ ಕೇಳುತ್ತಿದ್ದರು. "ಈ ವರ್ಷ ಆಗುತ್ತೇನ್ರೇ?" ಅಕ್ಕ "ವಿಂಗಡಣೆ ಮುಗೀತಾ ಬಂತು ಅತ್ತೆ" ಅನ್ನುತ್ತಿದ್ದಳು. ನಾನು "ಅಕ್ಕ ಬಿಟ್ಟರೆ ನಾಳೆಯೇ ಕೂತ್ಕೋತೀನಿ" ಅಂದು ಕೈ ತೊಳೆದುಕೊಳ್ಳುತ್ತಿದ್ದೆ. ಈ ಚಳಿಗಾಲದಲ್ಲಿ ಅವರು ಕೇಳಲಿಲ್ಲ. ಎಂಬತ್ತಾರು ತುಂಬಿತ್ತು. ಸಂಜೆಯಾದರೆ ರಗ್ಗನ್ನು ಎದೆಗೆ ಒತ್ತಿ ಹಿಡಿದು ಮುದುಡಿ ಮಲಗುತ್ತಿದ್ದರು. ಕೇಳದೇ ಹೋದದ್ದೇ ನನಗೆ ಹೆಚ್ಚು ಚುಚ್ಚಿತು.

ಅಷ್ಟರಲ್ಲಿ ಅತ್ತೆಯ ಕೋಣೆಯ ಸೂರಿನ ಗಾರೆ ಒಂದು ಕಡೆ ಕಳಚಿ ಬಿತ್ತು. ಸದ್ಯ, ಅವರು ಬಚ್ಚಲಲ್ಲಿದ್ದರು. ಗಾರೆಯವನು ಬಂದು ನೋಡಿ, ನಾಲ್ಕು ದಿನ ಕೋಣೆ ಖಾಲಿ ಬೇಕು ಅಂದ. ಅವರ ಮಂಚ ಹಿಡಿಸುವ ಜಾಗ ಮನೆಯಲ್ಲಿ ಇನ್ನೊಂದೇ ಇದ್ದದ್ದು. ಅಕ್ಕ ಒಂದು ದಿನವೆಲ್ಲ ಯೋಚಿಸಿ, ಡಬ್ಬ ಮುಟ್ಟಕೂಡದು, ಊಟ ತಿಂಡಿ ಒಳಗೆ ತರಕೂಡದು ಎಂದೆಲ್ಲ ಷರತ್ತು ಹಾಕಿ ಚೂರಿನ ಕೋಣೆಯ ಚಿಲಕ ತೆಗೆದಳು. ಗೋಡೆಗೆ ತಾಗಿಸಿ, ಇಂಡೆಕ್ಸಿನ ಕೆಳಗೆ, ಮಂಚ ಹಾಕಿದೆವು.

ಎರಡನೆಯ ದಿನ ಮಧ್ಯಾಹ್ನ ಅಕ್ಕ ಡಬ್ಬ ತರಲು ಭಾವನ ಅಂಗಡಿಗೆ ಹೋಗಿದ್ದಳು. ಹೊರಗೆ ಬಿಸಿಲಿಗೂ ಕಾವಿರಲಿಲ್ಲ. ನಾನು ಮೂರು ಯೂನಿಫಾರ್ಮಿಗೆ ಗುಂಡಿ ಹಚ್ಚಿ, ನಾಲ್ಕು ಗಂಟೆಗೆ ಅತ್ತೆಗೆ ಚಹಾ ಒಯ್ದೆ. ಷರತ್ತು ನೆನಪಾಗಿ ಬಾಗಿಲಲ್ಲೇ ನಿಂತೆ. ಕೋಲು ನೆಲದ ಮೇಲೆ ಬಿದ್ದಿತ್ತು, ಗೋಡೆ ಬರಿದಾಗಿತ್ತು. ಅತ್ತೆ ಗದ್ದದವರೆಗೆ ಇಂಡೆಕ್ಸು ಹೊದ್ದುಕೊಂಡು ಅಂಗಾತ ಮಲಗಿದ್ದರು. ಕಣ್ಣು ತೆರೆದೇ ಇತ್ತು. ಬಲಗೈಯ ಬೆರಳು ಹೊಲಿಗೆಯ ಸಾಲಿನುದ್ದಕ್ಕೂ ನಿಧಾನವಾಗಿ ಓಡಾಡುತ್ತಿತ್ತು.

"ಯಾವಾಗ ಮುಗಿಸಿದ್ರೇ?" ಅಂದರು.

ನನಗೆ ಅರ್ಥವಾಗಲಿಲ್ಲ. "ಏನು ಅತ್ತೆ?"

"ಗುಟ್ಟಾಗಿ ಮಾಡಿದ್ರಾ, ನನಗೆ ಗೊತ್ತಾಗ್ಬಾರ್ದು ಅಂತ? ಚಳಿ ಅಂತ ಕೈಯಾಡಿಸಿದೆ, ಗೋಡೇಲಿ ಸಿಕ್ತು. ನಾನು ಏನೇನೋ ಅಂದ್ಕೊಂಡೆ ಕಣೇ. ಮರೆತೇಬಿಟ್ರು, ಇನ್ನು ಕೇಳಬಾರದು ಅಂದ್ಕೊಂಡಿದ್ದೆ." ಅವರ ಬೆರಳು ಒಂದು ಕಡೆ ನಿಂತಿತು. "ಇದು ನಿನ್ನ ಕೈ. ಮೂರು ಹೊಲಿಗೆಗೊಂದು ಉದ್ದ ಬಿದ್ದಿದೆ. ಸಿಟ್ಟಲ್ಲಿದ್ದಾಗ ನೀನು ಹಾಗೆಯೇ ಹಾಕೋದು. ಇಡೀ ಕೌದಿ ಸಿಟ್ಟಲ್ಲೇ ಹೊಲಿದಿದೀಯಲ್ಲೇ!"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಚಹಾದ ಲೋಟವನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದೆ. ಎದುರಿಗೆ ಇದ್ದದ್ದು ಕೌದಿಯೇ. ಮೇಲೆ ಬಟ್ಟೆ, ನಡುವೆ ಕಂಬಳಿ, ಹಿಂದೆ ಅಸ್ತರು, ಸಾಲಿಗೊಂದು ಕೈಹೊಲಿಗೆ, ಸುತ್ತ ಅಂಚು. ಮನೆಯ ಚೂರುಗಳಲ್ಲಿ ಒಂದೊಂದೂ ಅದರಲ್ಲಿತ್ತು. ಇಪ್ಪತ್ತೆರಡು ವರ್ಷದಿಂದ ದರ್ಜಿ ಅನ್ನಿಸಿಕೊಂಡವಳು ನಾನು, ಐದು ವರ್ಷ ನನ್ನದೇ ಕೈಯಿಂದ ಕೌದಿ ಹೊಲಿದಿದ್ದೆ, ಅದನ್ನು ಕೌದಿ ಎಂದು ಗುರುತು ಹಿಡಿಯಲಿಲ್ಲ. ಕಣ್ಣಿಲ್ಲದ ಮುದುಕಿ ಒಂದು ಮಧ್ಯಾಹ್ನದಲ್ಲಿ ಗುರುತು ಹಿಡಿದಿದ್ದರು. ಅಕ್ಕ ಅದನ್ನು ಇಂಡೆಕ್ಸು ಅಂದಳು, ಗೋಡೆಗೆ ತೂಗುಹಾಕಿಸಿದಳು, ನಾನೂ ಇಂಡೆಕ್ಸು ಅಂದೆ. ಅಕ್ಕನನ್ನು ಆಡಿಕೊಂಡು ಊರೆಲ್ಲ ನಗಿಸಿದ ನನ್ನ ಕೈಯಲ್ಲೇ ಸೂಜಿ ಇತ್ತು. ಆ ಐದು ಚಳಿಗಾಲ ಅತ್ತೆ ಪಕ್ಕದ ಕೋಣೆಯಲ್ಲಿ ನಡುಗಿದ್ದಕ್ಕೆ ನಾನೂ ಜವಾಬ್ದಾರಳು ಎಂದು ಆಗ ಗೊತ್ತಾಯಿತು.

"ಹೂಂ ಅತ್ತೆ, ಗುಟ್ಟಾಗಿಯೇ ಮಾಡಿದ್ವಿ" ಅಂದೆ. ನಮಗೂ ಅದು ಗುಟ್ಟಾಗಿಯೇ ಇತ್ತು ಎಂದು ಹೇಳಲಿಲ್ಲ.

ಅಕ್ಕ ಬಂದದ್ದು ಐದು ಗಂಟೆಗೆ. ಹಿಂದೆ ಭಾವ ತಲೆಯ ಮೇಲೊಂದು, ಕಂಕುಳಲ್ಲೊಂದು ಡಬ್ಬ ಹಿಡಿದುಕೊಂಡಿದ್ದರು. ಬರಿಗೋಡೆ ನೋಡಿ ಅಕ್ಕ ಬಾಗಿಲಲ್ಲೇ ಕಲ್ಲಾದಳು. ಅತ್ತೆ ಹೆಜ್ಜೆಯ ಸದ್ದಿನಲ್ಲೇ ಅವಳನ್ನು ಗುರುತಿಸಿದರು.

"ಬಾರೇ ಹಿರೀ ಸೊಸೆ. ನಿನ್ನ ವಿಂಗಡಣೆಯನ್ನ ಬೈದ್ಕೊಂಡಿದ್ದೆ. ತಪ್ಪಾಯ್ತು. ಎಷ್ಟು ಬೆಚ್ಚಗಿದೆ ನೋಡು!"

ಅಕ್ಕ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಇಂಡೆಕ್ಸ್ ಹಾಸಿಗೇಲಿದೆ!"

"ಹೂಂ."

"ಅದಿಲ್ದೆ ಇನ್ನೂರ ಹದಿನೆಂಟು ಡಬ್ಬ ಕುರುಡು. ಒಂದು ಕೆಲಸ ಮಾಡೋಣ. ನಮೂನೆ ಎಲ್ಲಾ ಬಿಚ್ಚಿ ರಿಜಿಸ್ಟರಿಗೆ ಅಂಟಿಸೋಣ. ಮೂರು ವಾರ ಸಾಕು. ಆಮೇಲೆ ಕ್ರಮವಾಗಿ ಕೌದಿ ಕೈಗೆತ್ತಿಕೊಳ್ಳೋಣ. ನಾನು ಕೊಟ್ಟ ಮಾತು ಮರೆತಿಲ್ಲ."

ಅವಳು ನೇರವಾಗಿ ಮುಂದಿನ ಕೋಣೆಗೆ ಹೋಗಿ ನನ್ನ ಮೆಷಿನ್ನಿನ ಡ್ರಾಯರ್ ಎಳೆದು ಹೊಲಿಗೆ ಬಿಚ್ಚುವ ಕೊಕ್ಕೆಯನ್ನು ತೆಗೆದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಅಕ್ಕನಿಗೆ ಎದುರಾಡಿದವಳಲ್ಲ ನಾನು; ಹಿಂದಿನಿಂದ ಮೂಗು ಮುರಿಯುವುದರಲ್ಲೇ ನನ್ನ ಶೌರ್ಯ ಮುಗಿಯುತ್ತಿತ್ತು.

"ಒಂದು ಹೊಲಿಗೆ ಬಿಚ್ಚಿದ್ರೂ ನಾನು ಸುಮ್ನಿರಲ್ಲ" ಅಂದೆ. "ಅದು ಇಂಡೆಕ್ಸ್ ಅಲ್ಲ ಅಕ್ಕಾ. ಮೂರು ಪದರ, ಸಾಲಿಗೆ ಹೊಲಿಗೆ, ಸುತ್ತ ಅಂಚು. ಅದಕ್ಕೆ ಏನಂತಾರೆ, ನೀನೇ ಹೇಳು."

"ಪದರ ಯಾಕೆ ಹಾಕಿಸಿದ್ದು ಅಂತ ರಿಜಿಸ್ಟರಲ್ಲಿ ಬರೆದಿದೆ. ತೇವ ಬರುತ್ತೆ ಅಂತ."

"ಬರ್ಕೊ! ಅದು ಕೌದಿ. ಐದು ವರ್ಷದಿಂದ ಕೌದಿಯೇ ಆಗಿತ್ತು. ಮೂವತ್ತೊಂದು ವರ್ಷದಲ್ಲಿ ಆಗದೇ ಇದ್ದದ್ದು ಈಗಾಗಿದೆ. ತಪ್ಪು ಗೂಡಿಗೆ ಹಾಕಿದೀಯ."

ಸಿಟ್ಟಿನಲ್ಲಿ ಅಂದುಬಿಟ್ಟೆ. ಅಂದ ಮೇಲೆ ಅವಳ ಮುಖ ನೋಡಿ ಅಯ್ಯೋ ಅನ್ನಿಸಿತು. ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ. ಕೊಕ್ಕೆ ಹಿಡಿದಿದ್ದ ಬಲಗೈ, ಆ ಹೆಸರಾಂತ ಬಲಗೈ, ಮೆಲ್ಲಗೆ ಕೆಳಗಿಳಿಯಿತು. ಅವಳು ಸ್ಟೂಲಿನ ಮೇಲೆ ಕೂತಳು. ಭಾವ ಅಂಗಳದಿಂದ "ಡಬ್ಬ ಎಲ್ಲಿಡ್ಲಿ?" ಎಂದು ಎರಡು ಸಲ ಕೇಳಿದರು. ಅತ್ತೆಯ ಆಸೆಯನ್ನು ಉಳಿಸಬೇಕಾಗಿತ್ತು ನಿಜ. ಅದಕ್ಕಾಗಿ ಇವಳ ಮೂವತ್ತೊಂದು ವರ್ಷವನ್ನು ಬೀದಿಗೆ ಎಸೆಯಬೇಕಾಗಿರಲಿಲ್ಲ.

ನಾನು ಹೋಗಿ ಚೂರಿನ ಕೋಣೆಯ ಬಾಗಿಲಿಗೆ ತೂಗುಬಿಟ್ಟಿದ್ದ ಪುಸ್ತಕದಿಂದ ಒಂದು ಚೀಟಿ ಹರಿದು ತಂದೆ. ಮೆಷಿನ್ನಿನ ಮೇಲಿಟ್ಟುಕೊಂಡು ಬರೆದೆ. ಏನು: ಇಂಡೆಕ್ಸು. ನಂಬರು: ಎಲ್ಲವೂ. ಒಯ್ಯುವವರು: ಅತ್ತೆ. ಯಾಕೆ: ಚಳಿ. ವಾಪಸು ತಾರೀಖಿನ ಜಾಗ ಖಾಲಿ ಬಿಟ್ಟು ಅವಳ ಮುಂದೆ ಚಾಚಿದೆ.

ಅಕ್ಕ ಚೀಟಿ ಓದಿದಳು. ಅಭ್ಯಾಸ ಎಲ್ಲಿಗೆ ಹೋಗುತ್ತದೆ, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದಳು. ಕನ್ನಡಕ ತೆಗೆದು ಸೆರಗಿನ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡಳು.

"ವಾಪಸು ತಾರೀಖು ಖಾಲಿ ಇದೆ" ಅಂದಳು. ಧ್ವನಿಯಲ್ಲಿ ಠಸ್ಸೆ ಇರಲಿಲ್ಲ.

"ಗೊತ್ತು."

ಒಳಗಿನಿಂದ ಅತ್ತೆ ಕೆಮ್ಮಿದ್ದು ಕೇಳಿಸಿತು. ಆಮೇಲೆ ಏನೋ ಗುನುಗಿಕೊಂಡದ್ದು ಕೇಳಿಸಿತು. ಅವರು ಗುನುಗಿ ಎಷ್ಟು ವರ್ಷವಾಗಿತ್ತೋ. ಅಕ್ಕ ಬಟ್ಟೆಗೆ ಗುರುತು ಹಾಕುವ ನನ್ನ ಪೆನ್ಸಿಲನ್ನು ಪಕ್ಕಕ್ಕೆ ಸರಿಸಿ, ತನ್ನ ಪೆನ್ನು ತೆಗೆದಳು. ಆ ಖಾಲಿ ಜಾಗದಲ್ಲಿ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದಳು. ಸ್ಕೇಲು ಇಲ್ಲದೆ ಎಳೆದದ್ದು, ಸ್ವಲ್ಪ ಸೊಟ್ಟಗೆ ಬಂತು. ಅದರ ಕೆಳಗೆ ಸಹಿ ಮಾಡಿ ತಾರೀಖು ಹಾಕಿದಳು. ಎದ್ದು, "ಮೂಲ ಪ್ರತಿ ಫೈಲಿಗೆ ಹೋಗ್ಬೇಕು" ಎಂದು ಹೇಳಿ ಚೀಟಿಯನ್ನು ಒಯ್ದಳು.

ಅಲ್ಲಿಗೆ ಅವಳು ಬದಲಾದಳು ಎಂದುಕೊಂಡರೆ ನೀವು ನಮ್ಮ ಅಕ್ಕನನ್ನು ಕಂಡವರಲ್ಲ. ಸೂರಿನ ಗಾರೆ ಮುಗಿದು ಅತ್ತೆ ಕೌದಿಯೊಂದಿಗೆ ತಮ್ಮ ಕೋಣೆಗೆ ಹೋದರು. ಇಂಡೆಕ್ಸು ಇಲ್ಲದ ಡಬ್ಬಗಳು ಹಾಗೆಯೇ ಇವೆ, ಹೊಸ ಡಬ್ಬಗಳೂ ಬರುತ್ತಿವೆ. ಯಾವುದಾದರೂ ಚೂರು ಹುಡುಕಬೇಕಾದರೆ ಅಕ್ಕ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಅತ್ತೆಯ ಮಂಚದ ಪಕ್ಕ ಹೋಗಿ ನಿಲ್ಲುತ್ತಾಳೆ. ಮೂವತ್ತನಾಲ್ಕನೆಯ ಸಾಲಿಗೆ ಉಳಿದ ನಮೂನೆಗಳನ್ನು ನಾನು ಅತ್ತೆಯ ಕಾಲ ಬಳಿ ಕೂತು ಹೊಲಿಯುತ್ತೇನೆ. ಈಗ ಹೊಲಿಗೆ ಸಮನಾಗಿ ಬೀಳುತ್ತದೆಯೆಂದು ಅತ್ತೆ ಹೇಳುತ್ತಾರೆ.

ಹೋದ ವಾರ ಅತ್ತೆಯ ರಕ್ತದೊತ್ತಡ ನೋಡಲು ನರ್ಸಮ್ಮ ಬಂದಿದ್ದಳು. ಕೌದಿಯನ್ನು ಕಂಡು ಕಣ್ಣರಳಿಸಿದಳು. "ಅಬ್ಬಾ, ಎಷ್ಟು ಚೆನ್ನಾಗಿದೆ! ಕೊನೆಗೂ ಮುಗಿಸಿಬಿಟ್ರಾ ಕೌದಿ?"

"ಇಲ್ಲ" ಅಂದಳು ಅಕ್ಕ, ರೆಪ್ಪೆ ಮಿಟುಕಿಸದೆ. "ಕೌದಿ ಇನ್ನೂ ಶುರುವಾಗಿಲ್ಲ. ಇದು ಇಂಡೆಕ್ಸ್. ವಿಂಗಡಣೆ ನಡೀತಾ ಇದೆ."

ನರ್ಸಮ್ಮ ನನ್ನ ಕಡೆ ನೋಡಿದಳು. ನಾನು ದಾರಕ್ಕೆ ಗಂಟು ಹಾಕುವುದರಲ್ಲಿ ಮುಳುಗಿದ್ದವಳ ಹಾಗೆ ತಲೆ ಬಗ್ಗಿಸಿದೆ. ಅವಳು ಹೋದ ಮೇಲೆ ಅಕ್ಕ ರಿಜಿಸ್ಟರ್ ಬಿಡಿಸಿ ಮಂಚದ ಹತ್ತಿರ ಬಗ್ಗಿದಳು.

"ಅತ್ತೆ, ಸ್ವಲ್ಪ ಕಾಲು ಮಡಚ್ಕೊಳ್ಳಿ. ಹತ್ತೊಂಬತ್ತನೇ ಸಾಲು ನೋಡ್ಬೇಕು. ಒಂದು ನೀಲಿ ಚೌಕಳಿ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ."

ಉತ್ತರ ಬರಲಿಲ್ಲ. ನಾನು ಸೂಜಿ ಬಿಟ್ಟು ತಲೆ ಎತ್ತಿದೆ. ಅಕ್ಕ ಇನ್ನಷ್ಟು ಬಗ್ಗಿ ಕಿವಿಗೊಟ್ಟಳು. ಅತ್ತೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಹತ್ತೊಂಬತ್ತನೆಯ ಸಾಲು ಅವರ ಮಡಚಿದ ಮೊಣಕಾಲುಗಳ ನಡುವೆ ಎಲ್ಲೋ ಸಿಕ್ಕಿಕೊಂಡಿತ್ತು. ಎಳೆದರೆ ಬರುತ್ತಿತ್ತು. ಅಕ್ಕ ಕೈ ಮುಂದೆ ಚಾಚಿದವಳು ಸಾಲನ್ನು ಎಳೆಯಲಿಲ್ಲ, ತುದಿಯಿಂದ ಜಾರಿದ್ದ ಅಂಚನ್ನು ತೆಗೆದು ಅವರ ಪಾದದ ಮೇಲೆ ಹೊದಿಸಿದಳು. ರಿಜಿಸ್ಟರ್ ಮುಚ್ಚಿದಳು.

"ಮಲಗ್ಲಿ ಬಿಡು" ಎಂದು ನನಗೆ ಪಿಸುಗುಟ್ಟಿದಳು. "ವಿಂಗಡಣೆ ನಾಳೆ ಮಾಡಿದ್ರಾಯ್ತು."